ಜನಾಂಗ, ಲಿಂಗ ಮತ್ತು ಆರಂಭಕಾಲದ ಮಾನವಶಾಸ್ತ್ರಜ್ಞರು: ಅವರು ತೋರಿಸಿಕೊಟ್ಟದ್ದೇನು?

ಪ್ರಶ್ನೆ (ಹಾಳೆಯಂಚು)

ಮಾನವಶಾಸ್ತ್ರದ ಪರಿಚಯ ಪುಸ್ತಕಗಳಲ್ಲಿ ಒಂದು ವಾಕ್ಯ ತಪ್ಪದೆ ಎದುರಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಮತ್ತು ಅವರ ಶಿಷ್ಯರು ಜನಾಂಗಗಳ ಮೇಲು-ಕೀಳಿನ ಕಲ್ಪನೆಯನ್ನೂ, ಹೆಣ್ಣು-ಗಂಡಿನ ಸ್ವಭಾವ ಹುಟ್ಟಿನಿಂದಲೇ ನಿಗದಿಯಾಗಿದೆ ಎಂಬ ನಂಬಿಕೆಯನ್ನೂ ಪ್ರಶ್ನಿಸಿದರು ಎಂಬುದೇ ಆ ವಾಕ್ಯ. ಅಷ್ಟು ಹೇಳಿ ಪುಸ್ತಕ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತದೆ. ಪ್ರಶ್ನಿಸಿದರು ಎಂದರೆ ಏನು ಮಾಡಿದರು ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಎದುರಾಳಿಗಳ ಕೈಯಲ್ಲಿ ಅಳತೆಗಳಿದ್ದವು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ತಲೆಬುರುಡೆಗಳಲ್ಲಿ ಬೀಜಗಳನ್ನೂ ಆಮೇಲೆ ಸೀಸದ ಗುಂಡುಗಳನ್ನೂ ತುಂಬಿ ಅಳೆದು, 1839ರಷ್ಟು ಹಿಂದೆಯೇ ಜನಾಂಗಗಳನ್ನು ಶ್ರೇಣಿಯಾಗಿ ಜೋಡಿಸಿದ್ದರು. ಲೂಯಿಸ್ ಹೆನ್ರಿ ಮಾರ್ಗನ್ 1877ರಲ್ಲಿ ಇಡೀ ಮನುಕುಲವನ್ನು ಕಾಡುಸ್ಥಿತಿ, ಬರ್ಬರಸ್ಥಿತಿ, ನಾಗರಿಕತೆ ಎಂಬ ಮೂರು ಮೆಟ್ಟಿಲುಗಳ ಮೇಲೆ ನಿಲ್ಲಿಸಿದ್ದರು. ಇಂಥ ಕಟ್ಟಡವನ್ನು ಬರಿಯ ಸದ್ಭಾವನೆಯಿಂದ ಉರುಳಿಸಲು ಸಾಧ್ಯವಿಲ್ಲ. ಸಾಕ್ಷ್ಯ ಏನಾದರೂ ಇದ್ದಿರಲೇಬೇಕು. ಅದು ಯಾವುದು? ಲಿಂಗದ ಪ್ರಶ್ನೆಯನ್ನೂ ಅವರು ಅದೇ ವಿಧಾನದಿಂದ ಕೈಗೆತ್ತಿಕೊಂಡರೆ? ಕೊನೆಯದಾಗಿ, ಬೋವಾಸ್ ಅವರ ಶಿಷ್ಯೆ ಮಾರ್ಗರೆಟ್ ಮೀಡ್ ಅವರ ಕೆಲಸ ಸುಳ್ಳೆಂದು ಸಾಬೀತಾಗಿದೆ ಎಂದು ಹಲವರು ಖಚಿತವಾಗಿ ಹೇಳುವುದನ್ನು ಕೇಳಿದ್ದೇನೆ. ಅದು ನಿಜವಾದರೆ ಈ ಇಡೀ ಪರಂಪರೆಯೇ ಬಿದ್ದುಹೋಗುವುದಿಲ್ಲವೆ? ಬಲ್ಲವರು ದಯವಿಟ್ಟು ಸ್ವಲ್ಪ ವಿವರವಾಗಿ ತಿಳಿಸಬೇಕು.

ಉತ್ತರ (ಮಸಿಕುಡಿಕೆ)

ನಾನು ನಿಮ್ಮ ಮೊದಲ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಲಿಂಗದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಬೋವಾಸ್ ಅವರ ವಾದ ಬುರುಡೆಯಿಂದ ಶುರುವಾದದ್ದಲ್ಲ, ಕಿವಿಯಿಂದ ಶುರುವಾದದ್ದು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು 1883–84ರಲ್ಲಿ ಬ್ಯಾಫಿನ್ ದ್ವೀಪಕ್ಕೆ ಹೋಗಿ, ಅಲ್ಲಿನ ಇನ್ಯುಯಿಟ್ ಜನರ ನಡುವೆ ಇದ್ದು, ಆ ನೆಲದ ನಕ್ಷೆ ಬರೆದರು. ಜೊತೆಗೆ ಅವರ ಮಾತನ್ನೂ ಬರೆದುಕೊಂಡರು. ಬರಹವಿಲ್ಲದ ಜನರ ಭಾಷೆಗಳಲ್ಲಿ ಧ್ವನಿಗಳು ಇನ್ನೂ ನೆಲೆ ನಿಂತಿಲ್ಲ, ಒಬ್ಬನೇ ಮನುಷ್ಯ ಒಂದೇ ಪದವನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಉಚ್ಚರಿಸುತ್ತಾನೆ, ಇದು ಅವರು ಹಿಂದುಳಿದಿರುವುದರ ಗುರುತು ಎಂದು ಆಗಿನ ಕೆಲವು ವಿದ್ವಾಂಸರು ನಂಬಿದ್ದರು. 1889ರಲ್ಲಿ ಪ್ರಕಟವಾದ ಪುಟ್ಟ ಲೇಖನವೊಂದರಲ್ಲಿ ಬೋವಾಸ್ ತಮ್ಮದೇ ಟಿಪ್ಪಣಿಗಳನ್ನು ಬಿಚ್ಚಿಟ್ಟರು. ಒಂದೇ ಪದವನ್ನು ಅವರೇ ಬೇರೆ ಬೇರೆ ಸಲ ಬೇರೆ ಬೇರೆ ಅಕ್ಷರಗಳಲ್ಲಿ ಬರೆದುಕೊಂಡಿದ್ದರು. ಆಡಿದವರ ನಾಲಿಗೆ ತಪ್ಪಿರಲಿಲ್ಲ. ಕೇಳಿದ ಕಿವಿ ತನಗೆ ಪರಿಚಯವಿದ್ದ ಧ್ವನಿಗಳಿಗೆ ಅದನ್ನು ಹೊಂದಿಸಿಕೊಂಡಿತ್ತು. ಇದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ತಮ್ಮ ಭಾಷೆಯಲ್ಲಿ ಳಕಾರವೇ ಇಲ್ಲದವರು ನಮ್ಮ ‘ಹಳ್ಳಿ’ಯನ್ನು ಒಮ್ಮೆ ‘ಹಲ್ಲಿ’ ಎಂದೂ ಒಮ್ಮೆ ‘ಹರ್ರಿ’ ಎಂದೂ ಬರೆದುಕೊಂಡು, ಈ ಜನರಿಗೆ ಉಚ್ಚಾರಣೆ ನೆಟ್ಟಗಿಲ್ಲ ಎಂದು ತೀರ್ಪು ಕೊಟ್ಟರೆ ನಾವು ನಗುತ್ತೇವೆ. ಆ ನಗುವಿನಲ್ಲಿರುವ ತರ್ಕವೇ ಬೋವಾಸ್ ಅವರದು. ನೋಡುವವನಿಗೂ ಒಂದು ಸಂಸ್ಕೃತಿಯಿದೆ, ಅವನು ಕಂಡದ್ದರಲ್ಲಿ ಅದರ ಪಾಲೂ ಸೇರಿದೆ ಎಂಬ ಈ ಎಚ್ಚರ ಮುಂದಿನ ಐವತ್ತು ವರ್ಷ ಅವರನ್ನು ಬಿಡಲಿಲ್ಲ.

ವಸ್ತುಸಂಗ್ರಹಾಲಯದ ಜಗಳವೂ ಇದೇ ಜಾತಿಯದು. ವಾಷಿಂಗ್ಟನ್ನಿನಲ್ಲಿ ಓಟಿಸ್ ಮೇಸನ್ ಎಲ್ಲ ಜನರ ಒಂದೇ ಬಗೆಯ ವಸ್ತುಗಳನ್ನು ಒಂದೇ ಕಪಾಟಿನಲ್ಲಿ, ಸರಳದಿಂದ ಸಂಕೀರ್ಣಕ್ಕೆ ಸಾಗುವ ಕ್ರಮದಲ್ಲಿ ಇಡುತ್ತಿದ್ದರು. 1887ರಲ್ಲಿ ಬೋವಾಸ್ ಆಕ್ಷೇಪಿಸಿದರು: ಗಿಲಕಿ ಒಂದು ಕಡೆ ಮಗುವಿನ ಆಟಿಕೆಯಾಗಿರಬಹುದು, ಇನ್ನೊಂದು ಕಡೆ ಪೂಜೆಯ ಸಾಧನವಾಗಿರಬಹುದು; ಅದನ್ನು ಬಳಸುವ ಜನರ ನಡುವಿನಿಂದ ಕಿತ್ತು ತಂದು ಗಿಲಕಿಗಳ ಸಾಲಿನಲ್ಲಿಟ್ಟರೆ ಅದು ಏನನ್ನೂ ಹೇಳುವುದಿಲ್ಲ.

ಇನ್ನು ನೀವು ಕೇಳಿದ ಅಳತೆಗಳ ವಿಚಾರ. ಆ ಕಾಲದ ಜನಾಂಗವಿಜ್ಞಾನಕ್ಕೆ ಆಧಾರವಾಗಿದ್ದುದು ಶಿರೋಸೂಚ್ಯಂಕ. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆ ಇದು. ಅಗಲ 15 ಸೆಂಟಿಮೀಟರ್, ಉದ್ದ 19 ಸೆಂಟಿಮೀಟರ್ ಇದ್ದರೆ ಸುಮಾರು 79. ಚರ್ಮದ ಬಣ್ಣ ಬಿಸಿಲಿಗೆ ಮಾಸೀತು, ಮೈಯ ಎತ್ತರ ಊಟಕ್ಕೆ ತಕ್ಕಂತೆ ಏರೀತು ಇಳಿದೀತು, ಆದರೆ ತಲೆಯ ಆಕಾರ ತಲೆಮಾರುಗಳು ಉರುಳಿದರೂ ಅಲುಗಾಡದು ಎಂಬ ನಂಬಿಕೆಯ ಮೇಲೆ ಯೂರೋಪಿನ ಜನರನ್ನೇ ಮೂರು ನಾಲ್ಕು ‘ಜನಾಂಗ’ಗಳಾಗಿ ಹಂಚಿಡಲಾಗಿತ್ತು. 1908ರಲ್ಲಿ ಅಮೆರಿಕದ ವಲಸೆ ಆಯೋಗಕ್ಕಾಗಿ ಅಧ್ಯಯನ ಆರಂಭಿಸಿದ ಬೋವಾಸ್, ನ್ಯೂಯಾರ್ಕಿನಲ್ಲಿ ನೆಲೆಸಿದ ವಲಸಿಗರನ್ನೂ ಅವರ ಮಕ್ಕಳನ್ನೂ ಸೇರಿಸಿ ಸುಮಾರು 18,000 ಮಂದಿಯ ಅಳತೆ ತೆಗೆಸಿದರು. ಪೂರ್ವ ಯೂರೋಪಿನ ಯಹೂದಿಗಳದು ದುಂಡು ತಲೆ, ಸಿಸಿಲಿಯವರದು ನೀಳ ತಲೆ. ಅಮೆರಿಕದಲ್ಲಿ ಹುಟ್ಟಿದ ಯಹೂದಿ ಮಕ್ಕಳ ತಲೆ ಹೆತ್ತವರದಕ್ಕಿಂತ ತುಸು ನೀಳವಾಗಿತ್ತು, ಸಿಸಿಲಿಯ ಮಕ್ಕಳದು ತುಸು ದುಂಡಗಾಗಿತ್ತು. ತಾಯಿ ಅಮೆರಿಕಕ್ಕೆ ಬಂದು ಹೆಚ್ಚು ಕಾಲವಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಾಣುತ್ತಿತ್ತು. ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಎಂದೂ ಬದಲಾಗದು ಎಂದು ಹೇಳಿದ್ದು ಒಂದೇ ತಲೆಮಾರಿನಲ್ಲಿ ಬದಲಾಗಿತ್ತು, ಅದನ್ನು ತೋರಿಸಿಕೊಟ್ಟದ್ದು ಎದುರಾಳಿಗಳು ನೆಚ್ಚಿಕೊಂಡಿದ್ದ ಅದೇ ಕ್ಯಾಲಿಪರ್, ಅಂದರೆ ತಲೆಯ ಉದ್ದ-ಅಗಲ ಅಳೆಯುವ ಉಪಕರಣ.

ಇದರಿಂದ ತಕ್ಷಣ ಏನಾದರೂ ಆಯಿತೆ ಎಂದರೆ, ಇಲ್ಲ. ಆಯೋಗ 1911ರಲ್ಲಿ ವಲಸೆಯನ್ನು ನಿರ್ಬಂಧಿಸಬೇಕೆಂದೇ ಶಿಫಾರಸು ಮಾಡಿತು. 1924ರ ಕಾಯ್ದೆಯಂತೂ 1890ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು, ಒಂದೊಂದು ದೇಶದವರಿಗೂ ಆಗ ಅಲ್ಲಿದ್ದ ಅವರ ಸಂಖ್ಯೆಯ ಶೇ. 2ರಷ್ಟು ಮಾತ್ರ ಪ್ರವೇಶವೆಂದು ಗೆರೆ ಎಳೆಯಿತು. ದಕ್ಷಿಣ ಮತ್ತು ಪೂರ್ವ ಯೂರೋಪಿನವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ ಎಂಬುದು ನೆನಪಿದ್ದರೆ ಆ ವರ್ಷವನ್ನೇ ಯಾಕೆ ಆರಿಸಿದರೆಂಬುದು ತಾನಾಗಿ ತಿಳಿಯುತ್ತದೆ.

ಉತ್ತರ (ಸಂಜೆಮಲ್ಲಿಗೆ)

ಲಿಂಗದ ಪ್ರಶ್ನೆಗೆ ಬರುತ್ತೇನೆ. ಮೊದಲಿಗೆ ಒಂದು ಎಚ್ಚರಿಕೆ: ಇಂದು ನಾವು ಲಿಂಗತ್ವ (ಸಮಾಜ ಕಟ್ಟಿಕೊಡುವ ಗಂಡುತನ-ಹೆಣ್ತನ) ಎಂದು ಬೇರೆಯಾಗಿ ಗುರುತಿಸುವ ಪರಿಕಲ್ಪನೆ ಅವರ ಕೈಯಲ್ಲಿ ಇರಲಿಲ್ಲ. ಅವರು ಬರೆದದ್ದು ‘ಲಿಂಗ ಮತ್ತು ಸ್ವಭಾವ’ ಎಂಬ ಜೋಡಿಯ ಬಗ್ಗೆ.

ಎಲ್ಲರೂ ಮೀಡ್ ಅವರಿಂದ ಆರಂಭಿಸುತ್ತಾರೆ, ನಾನು ಎಲ್ಸಿ ಕ್ಲೂಸ್ ಪಾರ್ಸನ್ಸ್ ಅವರಿಂದ ಆರಂಭಿಸಲು ಬಯಸುತ್ತೇನೆ. ನ್ಯೂಯಾರ್ಕಿನ ಬ್ಯಾಂಕರ್ ಒಬ್ಬರ ಮಗಳಾಗಿ, ಕಾಂಗ್ರೆಸ್ ಸದಸ್ಯರೊಬ್ಬರ ಪತ್ನಿಯಾಗಿ ಸಿರಿವಂತ ಸಮಾಜದ ನಟ್ಟನಡುವೆ ಬದುಕಿದ ಈ ಮಹಿಳೆ, 1906ರಲ್ಲಿ ಕುಟುಂಬದ ಬಗ್ಗೆ ಬರೆದ ಪುಸ್ತಕದಲ್ಲಿ ಪ್ರಾಯೋಗಿಕ ವಿವಾಹದ ಮಾತೆತ್ತಿ ದೊಡ್ಡ ಗದ್ದಲಕ್ಕೆ ಕಾರಣರಾದರು. ಮುಂದೆ ಕೆಲವು ಬರಹಗಳನ್ನು ಜಾನ್ ಮೇನ್ ಎಂಬ ಗಂಡುಹೆಸರಿನಲ್ಲಿ ಪ್ರಕಟಿಸಿದರು. 1913ರ ಇನ್ನೊಂದು ಪುಸ್ತಕದಲ್ಲಿ ಅವರು ತಮ್ಮದೇ ವರ್ಗದ ಹೆಂಗಸರ ನಡೆನುಡಿಯನ್ನು ದೂರದ ದ್ವೀಪಗಳ ಆಚರಣೆಗಳ ಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ದನಿಯಲ್ಲಿ, ಹುಬ್ಬೇರಿಸದೆ ವರ್ಣಿಸುತ್ತಾ ಹೋದರು. ತಮ್ಮ ಮನೆಯ ಹಜಾರವನ್ನೇ ಕ್ಷೇತ್ರಕಾರ್ಯದ ಜಾಗ ಮಾಡಿಕೊಂಡ ಆ ತಣ್ಣನೆಯ ಕೀಟಲೆ ನನಗೆ ಮೀಡ್ ಅವರ ಎಷ್ಟೋ ಪುಟಗಳಿಗಿಂತ ಹರಿತವಾಗಿ ಕಾಣುತ್ತದೆ.

ಪಾರ್ಸನ್ಸ್ ಮುಂದೆ ನ್ಯೂ ಮೆಕ್ಸಿಕೋದ ಝುನಿ ಜನರ ನಡುವೆ ಕೆಲಸ ಮಾಡಿ, ಅವರಲ್ಲಿ ‘ಲ್ಹಮನ’ ಎಂದು ಕರೆಯಲಾಗುವವರ ಬಗ್ಗೆ 1916ರಲ್ಲಿ ಬರೆದರು. ಗಂಡಾಗಿ ಹುಟ್ಟಿ ಹೆಂಗಸರ ಉಡುಪು ತೊಟ್ಟು ಹೆಂಗಸರ ಕಸುಬು ಮಾಡುವ ಇವರಿಗೆ ಆ ಸಮಾಜದಲ್ಲಿ ಗೊತ್ತಾದ ಸ್ಥಾನವಿತ್ತು. ಅವರಲ್ಲಿ ಹೆಸರಾದ ವೇವಾ ಅವರು ನೇಯ್ಗೆಯಲ್ಲೂ ಮಡಕೆ ಮಾಡುವುದರಲ್ಲೂ ನುರಿತವರು. 1886ರಲ್ಲಿ ಮಟಿಲ್ಡಾ ಕಾಕ್ಸ್ ಸ್ಟೀವನ್‌ಸನ್ ಎಂಬ ಸಂಶೋಧಕಿಯೊಡನೆ ವಾಷಿಂಗ್ಟನ್ನಿಗೆ ಹೋಗಿ, ತಿಂಗಳುಗಟ್ಟಲೆ ಅಲ್ಲಿದ್ದು, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರನ್ನೂ ಭೇಟಿಯಾದರು. ರಾಜಧಾನಿಯ ಸಮಾಜ ಅವರನ್ನು ಝುನಿ ‘ರಾಜಕುಮಾರಿ’ ಎಂದೇ ಉಪಚರಿಸಿತು. ಸ್ಟೀವನ್‌ಸನ್ ಅವರೂ ಬಹಳ ಕಾಲ ವೇವಾರನ್ನು ಹೆಣ್ಣೆಂದೇ ತಿಳಿದಿದ್ದರು, ನಿಜ ತಿಳಿದ ಮೇಲೂ ಬರಹದಲ್ಲಿ ‘ಅವಳು’ ಎಂದೇ ಉಳಿಸಿಕೊಂಡರು. (ಕನ್ನಡದ ‘ಅವರು’ ಎಂಬ ಸರ್ವನಾಮ ಎಷ್ಟು ಅನುಕೂಲದ್ದು ಎಂಬುದು ಇಂಥ ವಾಕ್ಯ ಬರೆಯುವಾಗ ಅರಿವಾಗುತ್ತದೆ.) 1934ರಲ್ಲಿ ಬೋವಾಸ್ ಅವರ ಇನ್ನೊಬ್ಬ ಶಿಷ್ಯೆ ರೂತ್ ಬೆನೆಡಿಕ್ಟ್ ಇಂಥ ಉದಾಹರಣೆಗಳನ್ನೇ ಹಿಡಿದು, ಒಂದು ಸಮಾಜ ರೋಗವೆಂದು ಅಟ್ಟಿದ್ದನ್ನು ಇನ್ನೊಂದು ಸಮಾಜ ಗೌರವದಿಂದ ನಡೆಸಿಕೊಳ್ಳಬಹುದು, ‘ಸಹಜ’ ಎಂಬ ಪದದ ಅರ್ಥ ಆಯಾ ಸಂಸ್ಕೃತಿಯೊಳಗೇ ತೀರ್ಮಾನವಾಗುತ್ತದೆ ಎಂದು ವಾದಿಸಿದರು.

ಈಗ ಮೀಡ್. ಅವರ ಎರಡು ಪುಸ್ತಕಗಳನ್ನು ಬೆರೆಸಬಾರದು. 1925–26ರಲ್ಲಿ ಸಮೋವಾದ ತಾಊ ದ್ವೀಪದಲ್ಲಿ ಮಾಡಿದ ಕೆಲಸದಿಂದ 1928ರ ಪುಸ್ತಕ ಬಂತು. ಹದಿಹರೆಯದ ತಳಮಳ ಎಲ್ಲೆಡೆಯೂ ಒಂದೇ ತೆರನಾಗಿ ಬರುವಂಥದ್ದಲ್ಲ ಎಂಬುದು ಅದರ ವಾದ. ನಿಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಪಟ್ಟದ್ದು 1935ರ ಎರಡನೆಯದು. ನ್ಯೂಗಿನಿಯ ಸೆಪಿಕ್ ಪ್ರದೇಶದಲ್ಲಿ ಒಂದಕ್ಕೊಂದು ತೀರ ದೂರವಲ್ಲದ ಮೂರು ಸಮಾಜಗಳನ್ನು ಅವರು ನೋಡಿದರು. ಅರಾಪೆಶ್ ಜನರಲ್ಲಿ ಗಂಡು ಹೆಣ್ಣು ಇಬ್ಬರೂ ಮೃದು ಸ್ವಭಾವದವರು, ಮಕ್ಕಳನ್ನು ಸಾಕುವುದು ಇಬ್ಬರ ಹೊಣೆ. ಕನ್ನಡದಲ್ಲಿ ‘ಹೆರು’ ಎಂಬ ಕ್ರಿಯಾಪದಕ್ಕೆ ಗಂಡಸು ಕರ್ತೃವಾಗುವುದನ್ನು ಊಹಿಸಲೂ ಆಗದು. ಅರಾಪೆಶ್ ಭಾಷೆಯಲ್ಲಿ ಆ ಅರ್ಥದ ಕ್ರಿಯಾಪದ ತಂದೆಗೂ ತಾಯಿಗೂ ಸಮನಾಗಿ ಸಲ್ಲುತ್ತದೆ ಎಂದು ಮೀಡ್ ದಾಖಲಿಸಿದ್ದಾರೆ. ಮುಂಡುಗುಮೋರ್ ಜನರಲ್ಲಿ ಇಬ್ಬರೂ ಉಗ್ರರು. ಚಂಬುಲಿ ಜನರಲ್ಲಿ ಮೀನು ಹಿಡಿಯುವುದು, ಸೊಳ್ಳೆಪರದೆ ಹೆಣೆದು ಮಾರುವುದು, ವ್ಯವಹಾರ ನಡೆಸುವುದು ಹೆಂಗಸರ ಕೈಯಲ್ಲಿ. ಗಂಡಸರು ಅಲಂಕಾರ, ಕುಣಿತ, ಕಲೆ ಮತ್ತು ತಮ್ಮತಮ್ಮಲ್ಲಿನ ಮುನಿಸುಗಳಲ್ಲಿ ಮುಳುಗಿದವರು. ಹೀಗಿರುವಾಗ ಮೃದುತ್ವವನ್ನು ಹೆಣ್ಣಿಗೂ ಆಕ್ರಮಣವನ್ನು ಗಂಡಿಗೂ ಪ್ರಕೃತಿಯೇ ಹಂಚಿಕೊಟ್ಟಿದೆ ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ.

ಸುಳ್ಳೆಂದು ಸಾಬೀತಾಯಿತೆ ಎಂದು ಕೇಳಿದ್ದೀರಿ. ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ 1983ರಲ್ಲಿ, ಎಂದರೆ ಮೀಡ್ ತೀರಿಕೊಂಡು ಐದು ವರ್ಷಗಳಾದ ಮೇಲೆ, ಸಮೋವಾದ ಪುಸ್ತಕದ ಮೇಲೆ ದಾಳಿ ಮಾಡಿದರು, ಅಲ್ಲಿನ ಹುಡುಗಿಯರು ತಮಾಷೆಗೆ ಹೇಳಿದ್ದನ್ನು ಮೀಡ್ ನಂಬಿಬಿಟ್ಟರು ಎಂದೂ ಮುಂದೆ ವಾದಿಸಿದರು. ಆದರೆ ಪಾಲ್ ಶಾಂಕ್‌ಮನ್ ಮೊದಲಾದವರು ಫ್ರೀಮನ್ನರ ಆಧಾರಗಳನ್ನೇ ಪರಿಶೀಲಿಸಿ, ಅವರು ಸಂದರ್ಶನಗಳನ್ನು ತಮಗೆ ಬೇಕಾದಷ್ಟೇ ಆರಿಸಿಕೊಂಡಿದ್ದಾರೆಂದು ತೋರಿಸಿದ ಮೇಲೆ ಆ ಆರೋಪದ ಬಿಸಿ ಬಹುಪಾಲು ಆರಿತು. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಂಭೀರವಾದ ಟೀಕೆ ಎರಡನೆಯ ಪುಸ್ತಕದ ಮೇಲಿನದು, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಆ ಕ್ಷೇತ್ರಕಾರ್ಯದಲ್ಲಿ ಜೊತೆಗಿದ್ದ, ಆಗ ಅವರ ಪತಿಯೂ ಆಗಿದ್ದ ರಿಯೋ ಫಾರ್ಚೂನ್ 1939ರಲ್ಲಿ ಅರಾಪೆಶ್ ಜನರ ಯುದ್ಧಗಳ ಬಗ್ಗೆ ಲೇಖನ ಬರೆದು, ಇವರು ಅಷ್ಟೇನೂ ಸಾಧುಗಳಲ್ಲ ಎಂದು ಸೂಚಿಸಿದರು. ಚಂಬುಲಿಯವರ ನಡುವೆ ಮುಂದೆ ಕೆಲಸ ಮಾಡಿದ ಡೆಬೊರಾ ಗೆವರ್ಟ್ಸ್, ನೆರೆಯವರ ದಾಳಿಗೆ ಸಿಕ್ಕಿ ಊರು ಬಿಟ್ಟಿದ್ದ ಆ ಜನ ಮರಳಿ ಬಂದು ಸುಟ್ಟುಹೋದದ್ದನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಮೀಡ್ ಅಲ್ಲಿಗೆ ಹೋಗಿದ್ದರೆಂದು ತೋರಿಸಿದರು. ಗಂಡಸರು ಕಲೆಯಲ್ಲೂ ಆಚರಣೆಯಲ್ಲೂ ಮುಳುಗಿದ್ದುದಕ್ಕೆ ಆ ಸಂದರ್ಭವೂ ಒಂದು ಕಾರಣವಾಗಿತ್ತು. ಮೀಡ್ ಒಂದು ಗಳಿಗೆಯನ್ನು ಕಂಡು ಅದನ್ನೇ ಶಾಶ್ವತ ಸ್ವರೂಪವೆಂದು ಬರೆದರು. ಆದರೆ ಇದನ್ನು ಒಪ್ಪಿಕೊಂಡ ಮಾತ್ರಕ್ಕೆ ಹಳೆಯ ನಂಬಿಕೆಗೆ ಜೀವ ಬರುವುದಿಲ್ಲ. ಇತಿಹಾಸದ ಏರಿಳಿತಕ್ಕೆ ತಕ್ಕಂತೆ ಗಂಡು-ಹೆಣ್ಣಿನ ಪಾತ್ರಗಳು ಬದಲಾಗುತ್ತವೆ ಎಂದರೆ ಅವು ಹುಟ್ಟಿನಿಂದ ನಿಗದಿಯಾದದ್ದಲ್ಲ ಎಂದೇ ಆಯಿತಲ್ಲ.

ಉತ್ತರ (ಓರೆಗಲ್ಲು)

ಮೇಲಿನ ಇಬ್ಬರೂ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಕಥೆ ಹೀಗೆ ಹೇಳಿದರೆ ಅಳೆಯುವವರೆಲ್ಲ ಒಂದು ಕಡೆ, ಅಳೆಸಿಕೊಂಡವರೆಲ್ಲ ಇನ್ನೊಂದು ಕಡೆ ಉಳಿದುಬಿಡುತ್ತಾರೆ.

ಹೈಟಿಯ ಆಂತೆನೋರ್ ಫಿರ್ಮೆನ್ 1885ರಲ್ಲಿ, ಬೋವಾಸ್ ಇನ್ನೂ ಹೆಸರು ಮಾಡುವ ಮೊದಲೇ, ಪ್ಯಾರಿಸಿನಲ್ಲಿ ಮಾನವ ಜನಾಂಗಗಳ ಸಮಾನತೆಯ ಬಗ್ಗೆ ಫ್ರೆಂಚಿನಲ್ಲಿ ಆರುನೂರಕ್ಕೂ ಹೆಚ್ಚು ಪುಟಗಳ ಗ್ರಂಥ ಪ್ರಕಟಿಸಿದರು. ಅದರ ಶೀರ್ಷಿಕೆಯೇ ಜನಾಂಗಗಳು ಸಮಾನವಲ್ಲ ಎಂದು ಗ್ರಂಥ ಬರೆದಿದ್ದ ಫ್ರೆಂಚ್ ಲೇಖಕ ಗೊಬಿನೋ ಅವರ ‘ಅಸಮಾನತೆ’ಗೆ ಕೊಟ್ಟ ಎದುರುತ್ತರ. ಫಿರ್ಮೆನ್ ಪ್ಯಾರಿಸಿನ ಮಾನವಶಾಸ್ತ್ರ ಸಂಘದ ಸದಸ್ಯರು. ತಮ್ಮ ಜನಾಂಗವೇ ಕೀಳೆಂದು ಅಂಕಿ ಅಂಶ ಮಂಡಿಸುವವರ ನಡುವೆ ಕೂತು ಆ ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದವರು. ಪುಸ್ತಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಇಂಗ್ಲಿಷಿಗೆ ಬಂದದ್ದು 2000ದಲ್ಲಿ. ಪರಿಚಯ ಪುಸ್ತಕಗಳು ಇವರನ್ನು ಬಿಟ್ಟು ಕಥೆ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ.

ಬೋವಾಸ್ ಅವರ ಬದುಕಿನಲ್ಲೇ ಒಂದು ಕರಾಳ ಅಧ್ಯಾಯವಿದೆ. 1897ರಲ್ಲಿ ಅನ್ವೇಷಕ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನಿಂದ ಆರು ಮಂದಿ ಇನ್ಯುಯಿಟ್ ಜನರನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಒಬ್ಬರನ್ನು ಕರೆತರಬಹುದೆ ಎಂದು ಕೇಳಿದ್ದವರಲ್ಲಿ ಆಗ ಅಲ್ಲಿ ಕೆಲಸದಲ್ಲಿದ್ದ ಬೋವಾಸ್ ಅವರೂ ಸೇರಿದ್ದರು. ಕೆಲವೇ ತಿಂಗಳಲ್ಲಿ ನಾಲ್ವರು ಕ್ಷಯದಿಂದ ತೀರಿಕೊಂಡರು. ಅವರಲ್ಲಿ ಕಿಸುಕ್ ಎಂಬವರ ಚಿಕ್ಕ ಮಗ ಮಿನಿಕ್‌ನನ್ನು ಸಮಾಧಾನಪಡಿಸಲೆಂದು ಸಂಗ್ರಹಾಲಯದವರು ಮರದ ದಿಮ್ಮಿಯೊಂದಕ್ಕೆ ಹೊದಿಕೆ ಸುತ್ತಿ, ಅದೇ ತಂದೆಯ ಶವವೆಂದು ನಂಬಿಸಿ ಅಂತ್ಯಕ್ರಿಯೆಯ ನಾಟಕ ಮಾಡಿದರು. ಮೂಳೆಗಳನ್ನು ಸಂಗ್ರಹಕ್ಕೆ ಇಟ್ಟುಕೊಂಡರು. ಮಿನಿಕ್‌ಗೆ ಅದು ಮುಂದೆ ತಿಳಿಯಿತು, ಎಷ್ಟು ಬೇಡಿದರೂ ಮೂಳೆಗಳು ಸಿಗಲಿಲ್ಲ. ಅವು ಗ್ರೀನ್‌ಲ್ಯಾಂಡಿನ ಮಣ್ಣು ಸೇರಿದ್ದು 1993ರಲ್ಲಿ. ಕೇಳುವ ಕಿವಿಯ ದೋಷವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿದ ಮನುಷ್ಯನಿಗೆ ಆ ಹುಡುಗನ ದುಃಖ ಕೇಳಿಸದೆ ಹೋದದ್ದು ಹೇಗೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಶಿಷ್ಯೆಯರಲ್ಲೂ ಎಲ್ಲರ ಪಾಡು ಒಂದೇ ಆಗಿರಲಿಲ್ಲ. ಜೋರಾ ನೀಲ್ ಹರ್ಸ್ಟನ್ ವಿದ್ಯಾರ್ಥಿನಿಯಾಗಿದ್ದಾಗ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ ಬೀದಿಗಳಲ್ಲಿ ಕ್ಯಾಲಿಪರ್ ಹಿಡಿದು, ಹೋಗಿಬರುವವರನ್ನು ತಡೆದು ತಲೆ ಅಳೆದರು. ಕಪ್ಪು ಹೆಣ್ಣುಮಗಳೊಬ್ಬಳು ಆ ಉಪಕರಣವನ್ನು ತನ್ನವರ ಮೇಲೆಯೇ, ಆ ಉಪಕರಣ ಕಟ್ಟಿದ ಸುಳ್ಳನ್ನು ಕೆಡವಲು ಬಳಸಿದ ಚಿತ್ರ ಅದು. ಆಮೇಲೆ ದಕ್ಷಿಣದ ತಮ್ಮ ಜನರ ಕಥೆಗಳನ್ನು ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ಎಲ್ಲಾ ಡೆಲೋರಿಯಾ ಡಕೋಟ ಜನಾಂಗದವರು. ಬೋವಾಸ್ ಜೊತೆಗೂಡಿ 1941ರಲ್ಲಿ ಡಕೋಟ ವ್ಯಾಕರಣ ಹೊರತಂದರು. ಹೊರಗಿನವರಂತೆ ಪ್ರಶ್ನೆ ಕೇಳಿ, ಹಣ ಕೊಟ್ಟು, ಬರೆದುಕೊಂಡು ಹೊರಟುಬಿಡುವುದು ತಮ್ಮಿಂದಾಗದು, ಉಡುಗೊರೆ ಒಯ್ದು, ನಂಟಿನ ಮರ್ಯಾದೆಯನ್ನು ಪಾಲಿಸಿ ಹೋದರೆ ಮಾತ್ರ ಜನ ಬಾಯಿಬಿಡುತ್ತಾರೆ ಎಂದು ಅವರು ಬೋವಾಸ್ ಅವರಿಗೆ ಪತ್ರದಲ್ಲಿ ವಿವರಿಸಬೇಕಾಯಿತು. ಡಕೋಟ ಹೆಣ್ಣಿನ ಬದುಕಿನ ಬಗ್ಗೆ ಅವರು ಬರೆದ ಕಾದಂಬರಿ ಅಚ್ಚಾದದ್ದು 1988ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳ ನಂತರ.

ಮರುಪ್ರಶ್ನೆ (ಹಾಳೆಯಂಚು)

ಮೂವರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ತಲೆಯ ಅಳತೆಯ ಆ ಅಧ್ಯಯನವನ್ನು ಮತ್ತೆ ಯಾರಾದರೂ ಪರಿಶೀಲಿಸಿದ್ದಾರೆಯೆ? ಜನಾಂಗ ಎಂಬುದೇ ಇಲ್ಲ ಎಂದು ಬೋವಾಸ್ ಹೇಳಿದರೆ, ಅಥವಾ ಜನಾಂಗಗಳಿವೆ, ಆದರೆ ಮೇಲು-ಕೀಳಿಲ್ಲ ಎಂದರೆ?

ಉತ್ತರ (ಮಸಿಕುಡಿಕೆ)

ಪರಿಶೀಲಿಸಿದ್ದಾರೆ, ಅದು ಸಾಧ್ಯವಾದದ್ದೂ ಬೋವಾಸ್ ಅವರಿಂದಲೇ. 1928ರಲ್ಲಿ ಅವರು ತಮ್ಮ ಮೂಲ ಅಳತೆಗಳನ್ನೆಲ್ಲ ಹಾಗೆಹಾಗೆಯೇ ಅಚ್ಚು ಹಾಕಿಸಿದ್ದರು. 2002ರಲ್ಲಿ ಸ್ಪಾರ್ಕ್ಸ್ ಮತ್ತು ಜಾಂಟ್ಸ್ ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಬದಲಾವಣೆ ತೀರ ಅಲ್ಪ, ವಂಶವಾಹಿಯ ಪಾಲೇ ದೊಡ್ಡದು ಎಂದರು. ಮರುವರ್ಷ ಗ್ರೇವ್ಲೀ ಮತ್ತು ಸಂಗಡಿಗರು ಅದೇ ಅಂಕಿಗಳಿಂದ, ಬೋವಾಸ್ ಮುಖ್ಯವಾಗಿ ಸರಿಯಾಗಿಯೇ ಹೇಳಿದ್ದರು ಎಂಬ ತೀರ್ಮಾನಕ್ಕೆ ಬಂದರು. ಇಬ್ಬರ ಲೆಕ್ಕವೂ ತಪ್ಪಲ್ಲ. ವಂಶವಾಹಿಯ ಪಾಲು ಇಲ್ಲವೆಂದು ಬೋವಾಸ್ ಎಲ್ಲೂ ಹೇಳಿರಲಿಲ್ಲ. ತಲೆಯ ಆಕಾರ ಸ್ವಲ್ಪವೂ ಕದಲುವುದಿಲ್ಲ ಎಂಬ ಮಾತನ್ನು ಅಲ್ಲಗಳೆಯಲು ಅಲ್ಪ ಬದಲಾವಣೆಯೇ ಸಾಕಾಗಿತ್ತು.

ಎರಡನೆಯ ಸಂದೇಹಕ್ಕೆ ‘ಓರೆಗಲ್ಲು’ ಅವರು ಉತ್ತರಿಸಿದರೆ ಒಳ್ಳೆಯದು.

ಉತ್ತರ (ಓರೆಗಲ್ಲು)

ಬೋವಾಸ್ ಅವರು ದೈಹಿಕ ವರ್ಗೀಕರಣವಾಗಿ ಜನಾಂಗವನ್ನು ಕೈಬಿಡಲಿಲ್ಲ. 1894ರ ಭಾಷಣದಲ್ಲಂತೂ ತಲೆಬುರುಡೆಯ ಸರಾಸರಿ ಗಾತ್ರದಲ್ಲಿ ಜನಾಂಗಗಳ ನಡುವೆ ಸಣ್ಣ ವ್ಯತ್ಯಾಸವಿದೆ ಎಂದು ಒಪ್ಪಿಕೊಂಡು, ಆದರೆ ಒಂದರ ವ್ಯಾಪ್ತಿ ಇನ್ನೊಂದರ ಮೇಲೆ ಎಷ್ಟು ಹರಡಿಕೊಂಡಿದೆಯೆಂದರೆ ಒಬ್ಬ ವ್ಯಕ್ತಿಯ ಬಗ್ಗೆ ಅದರಿಂದ ಏನನ್ನೂ ಹೇಳಲಾಗದು ಎಂದು ವಾದಿಸಿದ್ದರು. ದೇಹ, ಭಾಷೆ, ಸಂಸ್ಕೃತಿ ಈ ಮೂರೂ ಒಂದರ ಬಾಲ ಹಿಡಿದು ಇನ್ನೊಂದು ಬರುವುದಿಲ್ಲ ಎಂದು ಬಿಡಿಸಿಟ್ಟದ್ದು ಅವರ ದೊಡ್ಡ ಕೆಲಸ. ನಮಗೆ ಇದರಲ್ಲಿ ಒಂದು ಹೆಚ್ಚುವರಿ ತೊಡಕಿದೆ: ಕನ್ನಡದ ‘ಜನಾಂಗ’ ಎಂಬ ಒಂದೇ ಪದ ಜಾತಿ, ಬುಡಕಟ್ಟು, ಸಮುದಾಯ, ರೇಸ್ ಎಲ್ಲಕ್ಕೂ ಬಳಕೆಯಾಗುತ್ತದೆ. ಮೇಲೆ ನಾನೇ ‘ಡಕೋಟ ಜನಾಂಗ’ ಎಂದು ಬರೆದಿದ್ದೇನೆ. ಅಲ್ಲಿ ಅದರ ಅರ್ಥ ರೇಸ್ ಅಲ್ಲ, ದಯವಿಟ್ಟು ತಿದ್ದಿಕೊಳ್ಳಿ.

ಬೆನೆಡಿಕ್ಟ್ ಅವರೂ ಮೂರು ಜನಾಂಗಗಳ ಲೆಕ್ಕ ಇಟ್ಟುಕೊಂಡೇ ಬರೆದರು. 1943ರಲ್ಲಿ ಜೀನ್ ವೆಲ್ಟ್‌ಫಿಶ್ ಜೊತೆ ಅವರು ಬರೆದ 10 ಸೆಂಟಿನ ಕಿರುಹೊತ್ತಗೆಯಲ್ಲಿ ಮೊದಲನೆಯ ಮಹಾಯುದ್ಧದ ಸೈನಿಕರ ಬುದ್ಧಿಪರೀಕ್ಷೆಯ ಅಂಕಗಳಿದ್ದವು: ಉತ್ತರದ ಕೆಲವು ರಾಜ್ಯಗಳ ಕಪ್ಪು ಸೈನಿಕರ ಅಂಕ ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರ ಅಂಕಕ್ಕಿಂತ ಮೇಲಿತ್ತು. ಶಾಲೆ ಮತ್ತು ದುಡ್ಡು ಎಲ್ಲಿ ಹೆಚ್ಚಿತ್ತೋ ಅಲ್ಲಿ ಅಂಕವೂ ಹೆಚ್ಚು ಎಂಬುದು ಲೇಖಕಿಯರ ವಿವರಣೆ. ಕೆಂಟಕಿಯ ಕಾಂಗ್ರೆಸ್ ಸದಸ್ಯರೊಬ್ಬರು, ತಮ್ಮ ರಾಜ್ಯವೂ ಆ ಪಟ್ಟಿಯಲ್ಲಿದ್ದುದರಿಂದಲೋ ಏನೋ, ಸಿಟ್ಟಾಗಿ ಗದ್ದಲವೆಬ್ಬಿಸಿದರು, ಸೈನ್ಯ ಆ ಹೊತ್ತಗೆಯ ಹಂಚಿಕೆಯನ್ನು ನಿಲ್ಲಿಸಿತು.

ಆ ಪದವನ್ನೇ ಬಿಟ್ಟುಬಿಡೋಣ ಎಂದು 1942ರಲ್ಲಿ ಪಟ್ಟು ಹಿಡಿದವರು ಕೊಲಂಬಿಯಾದಲ್ಲಿ ಇವರ ಬಳಿಯೇ ಕಲಿತ ಆಶ್ಲಿ ಮಾಂಟೆಗ್ಯು. 1950ರಲ್ಲಿ ಯುನೆಸ್ಕೋ ಜನಾಂಗದ ಬಗ್ಗೆ ಹೊರಡಿಸಿದ ಹೇಳಿಕೆಯ ಕರಡಿನಲ್ಲಿ ಅವರ ಕೈ ದೊಡ್ಡದು. ಅದನ್ನು ದೈಹಿಕ ಮಾನವಶಾಸ್ತ್ರಜ್ಞರೂ ತಳಿವಿಜ್ಞಾನಿಗಳೂ ಆಕ್ಷೇಪಿಸಿದ್ದರಿಂದ ಮರುವರ್ಷವೇ ಇನ್ನೊಂದು ಹೇಳಿಕೆ ಬರೆಯಬೇಕಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಯಾವ ವಾಕ್ಯ ಉಳಿಯಿತು, ಯಾವುದು ಮೆತ್ತಗಾಯಿತು ಎಂಬುದನ್ನು ನೋಡಿದರೆ ನಿಮ್ಮ ಎರಡನೆಯ ಸಂದೇಹಕ್ಕೆ ಆ ತಲೆಮಾರಿನ ವಿಜ್ಞಾನಿಗಳಲ್ಲಿ ಒಂದೇ ಉತ್ತರ ಇರಲಿಲ್ಲ ಎಂಬುದು ಗೊತ್ತಾಗುತ್ತದೆ.